ಮಳವಲಿಯ ಸರಸ್ವತಿ

ಲೋಣಾವಳಾದಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಹಿಂಡಿ ಹರವಿದ ಪಂಚೆಯೇ ಆರುವುದಿಲ್ಲ, ಇನ್ನು ತೈಲವರ್ಣ ಎಲ್ಲಿಂದ ಆರೀತು! ಕಿಟಕಿಯಾಚೆ ಘಾಟಿನ ಮಂಜು. ಒಳಗೆ ಟರ್ಪೆಂಟೈನ್ ವಾಸನೆ, ಅರ್ಧ ತಿಂದಿಟ್ಟ ಚಿಕ್ಕಿ, ಈಸೆಲ್ ಮೇಲೆ ಮೂಗಿಲ್ಲದ ಸರಸ್ವತಿ.

ರವಿವರ್ಮನ ಸರಸ್ವತಿ ಅವಳು. ಬಂಡೆಯ ಮೇಲೆ ವೀಣೆ ಹಿಡಿದು ಕೂತ, ಪಕ್ಕದಲ್ಲಿ ನವಿಲಿರುವ ಅದೇ ಚಿತ್ರ. ನಮ್ಮೂರ ಪಡಸಾಲೆಯಲ್ಲಿ ಗಾಜಿನ ಕಟ್ಟಿನ ಮೇಲೆ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದವಳು. ಮುಖವೊಂದನ್ನೇ ನಕಲು ಮಾಡಲು ಕೂತಿದ್ದೇನೆ. ಚೌಕ ಎಳೆದು ಗೆರೆ ಇಳಿಸಿದ್ದು ಒಂದು ಸಂಜೆಯ ಕೆಲಸ. ಫಜೀತಿ ಶುರುವಾದದ್ದು ಆಮೇಲೆ. ಯೆಲ್ಲೋ ಓಕರ್, ವರ್ಮಿಲಿಯನ್, ಬಿಳಿ ಕಲಸಿ, ಇದೇ ಮೈಬಣ್ಣ ಎಂದು ಮುಖದ ತುಂಬ ಬಳಿದೆ. ದೇವಿ ಪ್ಲಾಸ್ಟಿಕ್ ಬೊಂಬೆಯಾದಳು! ಕೆರೆದು ತೆಗೆದೆ, ಮೂಗೂ ಹೋಯಿತು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರೆ ಹಣೆಯಲ್ಲಿ ಹಳದಿ, ಕೆನ್ನೆಯಲ್ಲಿ ಕೆಂಪು, ದವಡೆಯ ನೆರಳಿನಲ್ಲಿ ಪಾಚಿಯಂಥ ಹಸಿರು. ಮೈಬಣ್ಣವೆಂಬ ಬಣ್ಣ ಆ ಮುಖದಲ್ಲಿ ಎಲ್ಲೂ ಇರಲಿಲ್ಲ.

ಈ ಗುಟ್ಟು ಬಲ್ಲವರು ಒಂದು ಕಾಲಕ್ಕೆ ಇಲ್ಲೇ ಪಕ್ಕದಲ್ಲಿದ್ದರು. ಪುಣೆಯ ಲೋಕಲ್ ಹತ್ತಿದರೆ ಮುಂದಿನ ನಿಲ್ದಾಣವೇ ಮಳವಲಿ (ಮಂಡ್ಯದ ಮಳವಳ್ಳಿ ಬೇರೆ). 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ತೆರೆದ ಅಚ್ಚುಕೂಟ ಪ್ಲೇಗಿನ ಕಾಲದಲ್ಲಿ ಈ ಊರಿಗೆ ಬಂತು. ಮುಂದೆ ಜರ್ಮನಿಯ ಫ್ರಿಟ್ಜ್ ಶ್ಲೈಶರ್ ಅದನ್ನು ಕೊಂಡ. ಕಲ್ಲಚ್ಚಿನ ಚಿತ್ರಗಾರರು ತೈಲಚಿತ್ರವನ್ನು ಬಣ್ಣಬಣ್ಣವಾಗಿ ಬಿಡಿಸಿ, ಬಣ್ಣಕ್ಕೊಂದು ಕಲ್ಲಿನಂತೆ, ಎಡವನ್ನು ಬಲ ಮಾಡಿ, ಚುಕ್ಕೆ ಚುಕ್ಕೆಯಾಗಿ ಬರೆಯುತ್ತಿದ್ದರು. ಒಂದೊಂದೇ ಕಲ್ಲಿನ ಬಣ್ಣ ಕಾಗದದ ಮೇಲೆ ಕೂರುತ್ತ ಹೋದಂತೆ ಮುಖ ಮೂಡುತ್ತಿತ್ತು. ಎಷ್ಟೋ ಮನೆಗಳಲ್ಲಿ ಜನ ಕೈಮುಗಿದದ್ದು ಆ ಹೆಸರಿಲ್ಲದ ನಕಲುಗಾರರ ಕೈಕೆಲಸಕ್ಕೆ.

ರವಿವರ್ಮನಿಗಾದರೂ ತೈಲವರ್ಣವನ್ನು ಯಾರು ಕೈಹಿಡಿದು ಕಲಿಸಿದರು? 1868ರಲ್ಲಿ ತಿರುವಾಂಕೂರಿನ ಅರಮನೆಗೆ ಬಂದ ಚಿತ್ರಗಾರ ಥಿಯೋಡೋರ್ ಜೆನ್ಸನ್ ಕಲಿಸಲೊಲ್ಲೆನೆಂದ. ತಾನು ಬರೆಯುವಾಗ ನೋಡಲು ಬಿಟ್ಟ, ಅಷ್ಟೆ. ಹುಡುಗ ನಿಂತು ನೋಡಿದ.

ಮಳವಲಿಯ ಅಚ್ಚುಕೂಟ 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಇಲ್ಲಿ ಮಳೆ ಬಿಟ್ಟಿಲ್ಲ. ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಯೇ ಗಟ್ಟಿಯಾಗಬೇಕು. ಈ ತೇವದಲ್ಲಿ ಅದಕ್ಕೆ ಅವಸರವೇ ಇಲ್ಲ. ಹೊಸದಾಗಿ ಬರೆದ ಮೂಗು ಐದನೆಯ ದಿನವೂ ಬೆರಳಿಗೆ ಅಂಟುತ್ತಿದೆ.