ಬರೆದ ಪದ, ಬರೆಯದ ಪದ

1776ರ ಜೂನ್ ತಿಂಗಳು. ಫಿಲಡೆಲ್ಫಿಯಾ ನಗರದ ಬಾಡಿಗೆ ಮನೆಯೊಂದರಲ್ಲಿ ಥಾಮಸ್ ಜೆಫರ್‌ಸನ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆಯುತ್ತಿದ್ದ. ಒಂದೆಡೆ ತನ್ನ ನಾಡವರನ್ನು ಕುರಿತು ‘ಸಬ್ಜೆಕ್ಟ್ಸ್’ ಎಂದು ಬರೆದವನು, ಮಸಿ ಆರುವ ಮೊದಲೇ ಅದನ್ನು ಒರೆಸಿ, ಅಲ್ಲಿಯೇ ‘ಸಿಟಿಜನ್ಸ್’ ಎಂದು ತಿದ್ದಿದ. ಒರೆಸಿಹೋದ ಪದ ಯಾವುದೆಂಬುದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ವಿಶೇಷ ಛಾಯಾಗ್ರಹಣದ ನೆರವಿನಿಂದ ಪತ್ತೆಹಚ್ಚಿ ಪ್ರಕಟಿಸಿದ್ದು 2010ರಲ್ಲಿ.

ಕನ್ನಡದಲ್ಲಿ ‘ಪ್ರಜೆ’ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ. ರಾಜನಿಗೂ ಪ್ರಜೆಗಳುಂಟು, ಪ್ರಜಾಪ್ರಭುತ್ವಕ್ಕೂ ಪ್ರಜೆಗಳುಂಟು. ಇಂಗ್ಲಿಷಿನಲ್ಲಿ ಹಾಗಲ್ಲ. ‘ಸಬ್ಜೆಕ್ಟ್’ ದೊರೆಯ ಅಧೀನ. ‘ಸಿಟಿಜನ್’ ಆಳ್ವಿಕೆಯಲ್ಲಿ ಪಾಲುಳ್ಳವನು. ದೊರೆಯನ್ನು ಬಿಟ್ಟುಕೊಟ್ಟ ನಾಡು ದೊರೆಗೆ ಸೇರಿದ ಪದಗಳನ್ನೂ ಬಿಡಬೇಕಾಗಿತ್ತು.

ಹೊಸ ಸರ್ಕಾರದ ಮುಖ್ಯಸ್ಥನನ್ನು ಏನೆಂದು ಕರೆಯುವುದು ಎಂಬುದೂ ಇದೇ ಬಗೆಯ ತೊಡಕು. ಸಂವಿಧಾನ ಆರಿಸಿಕೊಂಡದ್ದು ‘ಪ್ರೆಸಿಡೆಂಟ್’ ಎಂಬ ಸಾಧಾರಣ ಪದವನ್ನು. ಸಭೆಯ ಮುಂದೆ ಕುಳಿತು ಕಲಾಪ ನಡೆಸುವವನು ಎಂದಷ್ಟೇ ಅದರ ಮೂಲಾರ್ಥ. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧಿಕಾರಕ್ಕೆ ಬಂದಾಗ, ಅವನಿಗೆ ‘ಹಿಸ್ ಹೈನೆಸ್’ ಎಂದು ಮೊದಲಾಗುವ ಉದ್ದನೆಯ ಬಿರುದು ಇರಲೆಂದು ಸೆನೆಟ್‌ನ ಸಮಿತಿಯೊಂದು ಸೂಚಿಸಿತು. ಪ್ರತಿನಿಧಿ ಸಭೆ ಒಪ್ಪಲಿಲ್ಲ. ಬಿರುದಿಲ್ಲದ ಪದವೇ ಉಳಿಯಿತು.

‘ಫೆಡರಲ್’ ಎಂಬ ಪದದ ಕಥೆ ಇನ್ನೂ ಸ್ವಾರಸ್ಯಕರ. ಒಪ್ಪಂದ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಇದು ಮೊದಲಿಗೆ ಸ್ವತಂತ್ರ ರಾಜ್ಯಗಳ ಸಡಿಲ ಕೂಟವನ್ನು ಸೂಚಿಸುತ್ತಿತ್ತು. 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರು ಅಂಥದೇ; ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೂ ಇರಲಿಲ್ಲ. 1787ರ ಸಂವಿಧಾನ ಬಲವಾದ ಕೇಂದ್ರವನ್ನು ಕಟ್ಟಿತು. ಅದರ ಪರವಾಗಿದ್ದವರು ಜಾಣತನದಿಂದ ತಮ್ಮನ್ನು ‘ಫೆಡರಲಿಸ್ಟ್’ ಎಂದು ಕರೆದುಕೊಂಡರು. ರಾಜ್ಯಗಳ ಸ್ವಾತಂತ್ರ್ಯಕ್ಕಾಗಿ ವಾದಿಸಿದವರಿಗೆ ‘ವಿರೋಧಿ’ ಎಂಬ ಹಣೆಪಟ್ಟಿಯೇ ಗಟ್ಟಿಯಾಯಿತು. ಆದರೂ ಅವರ ಒತ್ತಾಯ ವ್ಯರ್ಥವಾಗಲಿಲ್ಲ. ವಾಕ್ ಸ್ವಾತಂತ್ರ್ಯವೇ ಮೊದಲಾದ ಹಕ್ಕುಗಳನ್ನು ಕಾಯುವ ಹತ್ತು ತಿದ್ದುಪಡಿಗಳು 1791ರಲ್ಲಿ ಸಂವಿಧಾನಕ್ಕೆ ಸೇರಿದ್ದು ಅದರಿಂದಲೇ.

ಇಷ್ಟೊಂದು ಎಚ್ಚರದಿಂದ ಪದಗಳನ್ನು ತೂಗಿದವರು ಒಂದು ಪದವನ್ನು ಮಾತ್ರ ಬರೆಯಲೇ ಇಲ್ಲ. ಅದು ‘ಗುಲಾಮ’. ಸಂವಿಧಾನ ರಚಿಸಿದವರಲ್ಲಿ ಅನೇಕರು ಗುಲಾಮರ ಒಡೆಯರು. ಘೋಷಣೆ ಬರೆದ ಜೆಫರ್‌ಸನ್ ಕೂಡ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಹೊಂದಿದ್ದ. ಮನುಷ್ಯರು ಆಸ್ತಿಯಾಗಬಹುದೆಂಬ ಭಾವನೆ ಸಂವಿಧಾನದಲ್ಲಿ ನುಸುಳುವುದು ತಪ್ಪು ಎಂದು ಜೇಮ್ಸ್ ಮ್ಯಾಡಿಸನ್ ಸಭೆಯಲ್ಲಿ ಹೇಳಿದ. ಅವನೂ ಗುಲಾಮರ ಒಡೆಯನೇ. ಪದ ಹೋಯಿತು, ಪದ್ಧತಿ ಉಳಿಯಿತು. ಗುಲಾಮರು ‘ಇತರ ವ್ಯಕ್ತಿಗಳು’ ಆದರು.

ಈ ‘ಇತರ ವ್ಯಕ್ತಿಗಳ’ ಲೆಕ್ಕ ವಿಚಿತ್ರವಾದದ್ದು. ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಬೇಕು. ಪೂರ್ತಿ ಎಣಿಸಿರೆಂದು ಕೇಳಿದವರು ದಕ್ಷಿಣದ ಒಡೆಯರು. ಎಣಿಸಲೇ ಕೂಡದೆಂದವರು ಉತ್ತರದವರು. ಏಕೆಂದರೆ ಗುಲಾಮನಿಗೆ ಮತವಿರಲಿಲ್ಲ. ಅವನ ತಲೆಯೆಣಿಕೆಯಿಂದ ಹೆಚ್ಚಿದ ಬಲ ಅವನ ಒಡೆಯನಿಗೇ ಸಲ್ಲುತ್ತಿತ್ತು. ಅಧ್ಯಕ್ಷರ ಚುನಾವಣೆಯಲ್ಲೂ ಆ ಬಲ ನಡೆಯುತ್ತಿತ್ತು.

‘ಗುಲಾಮಗಿರಿ’ ಎಂಬ ಪದ ಅಮೆರಿಕದ ಸಂವಿಧಾನದೊಳಗೆ ಮೊದಲು ಕಾಲಿಟ್ಟದ್ದು 1865ರ 13ನೇ ತಿದ್ದುಪಡಿಯಲ್ಲಿ, ಆ ಪದ್ಧತಿಯನ್ನು ರದ್ದುಪಡಿಸಿದ ವಾಕ್ಯದಲ್ಲಿಯೇ. ಅಷ್ಟರೊಳಗೆ ನಾಲ್ಕು ವರ್ಷಗಳ ಅಂತರ್ಯುದ್ಧ ನಡೆದುಹೋಗಿತ್ತು. 1868ರ 14ನೇ ತಿದ್ದುಪಡಿ, ದೇಶದ ಕಾನೂನಿನ ವ್ಯಾಪ್ತಿಯಲ್ಲಿ ಅಲ್ಲಿ ಹುಟ್ಟಿದವರು ‘ಸಿಟಿಜನ್’ ಎಂದು ಸಾರಿತು. ಜೆಫರ್‌ಸನ್ ಆ ಪದವನ್ನು ತಿದ್ದಿ ಬರೆದು 92 ವರ್ಷಗಳಾಗಿದ್ದವು. ಆ ನೆಲದ ಮೂಲನಿವಾಸಿಗಳೆಲ್ಲರಿಗೆ ಅದು ದೊರೆಯಲು 1924ರ ಕಾಯಿದೆಯವರೆಗೆ ಕಾಯಬೇಕಾಯಿತು.