ಆರ್ಕಿಡ್ ಅರಳಲು ಬೇಕು ತಂಪು ರಾತ್ರಿ

ರಾಜಾಜಿನಗರ, ಬಸವೇಶ್ವರನಗರದ ಮನೆಗಳಲ್ಲಿ ಕೈತೋಟಕ್ಕೆ ಉಳಿದಿರುವ ಜಾಗವೆಂದರೆ ಕಾಂಪೌಂಡಿನ ಬದಿ, ಬಾಲ್ಕನಿ, ಇಲ್ಲವೇ ತಾರಸಿ. ತುಳಸಿ, ದಾಸವಾಳ, ಕರಿಬೇವಿನ ಜೊತೆಗೆ ಅಲ್ಲಲ್ಲಿ ಆರ್ಕಿಡ್ ಕುಂಡಗಳೂ ಕಾಣುತ್ತವೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬಂದ ಮಕ್ಕಳ ಹಟಕ್ಕೆ ಮಣಿದು ಅಪ್ಪ-ಅಮ್ಮ ನರ್ಸರಿಯಿಂದ ಹೂವಿರುವ ಗಿಡವನ್ನೇ ತರುತ್ತಾರೆ. ಎರಡು ತಿಂಗಳು ಮನೆಯಲ್ಲೆಲ್ಲ ಸಂಭ್ರಮ. ಹೂ ಉದುರಿದ ಮೇಲೆ ವರ್ಷ ಕಳೆದರೂ ಮತ್ತೊಂದು ಮೊಗ್ಗಿಲ್ಲ. ಗೊಬ್ಬರ ಹೆಚ್ಚುತ್ತದೆ, ನೀರು ಹೆಚ್ಚುತ್ತದೆ. ಕೊನೆಗೆ ಬೇರು ಕೊಳೆತ ಗಿಡ ಕಸದ ಗಾಡಿ ಸೇರುತ್ತದೆ.

ಇಷ್ಟಕ್ಕೂ ಆ ಗಿಡಕ್ಕೆ ಹಸಿವಾಗಿರುವುದಿಲ್ಲ. ಋತು ಬದಲಾದ ಸೂಚನೆಗಾಗಿ ಅದು ಕಾದಿರುತ್ತದೆ.

ಮರವೇ ಮನೆ

ಮಲೆನಾಡಿನವರಿಗೆ ಆರ್ಕಿಡ್ ಹೊಸತಲ್ಲ. ಮಳೆಗಾಲದ ಹೊಸ್ತಿಲಲ್ಲಿ ಮರದ ಕೊಂಬೆಯಿಂದ ಜಡೆಯಂತೆ ಇಳಿಬೀಳುವ ಸೀತಾಳೆ ದಂಡೆಯೂ ಆರ್ಕಿಡ್ ಕುಟುಂಬದ್ದೇ. ಬಂದಳಿಕೆಯಂತೆ ಇದು ಮರದ ರಸ ಹೀರುವುದಿಲ್ಲ. ಮರ ಇದಕ್ಕೆ ಬರೀ ಆಸರೆ. ಬೇರಿನ ಸುತ್ತಲಿನ ಸ್ಪಂಜಿನಂಥ ಹೊದಿಕೆ ಮಳೆನೀರನ್ನೂ ಅದರಲ್ಲಿ ಕರಗಿದ ಪೋಷಕಾಂಶವನ್ನೂ ಹೀರಿಕೊಳ್ಳುತ್ತದೆ. ಒಣಗಿದಾಗ ಬೇರು ಬೆಳ್ಳಗಿರುತ್ತದೆ, ನೆನೆದಾಗ ಹಸಿರಾಗುತ್ತದೆ. ನೀರು ಯಾವಾಗ ಹಾಕಬೇಕೆಂದು ಬೇರನ್ನು ನೋಡಿಯೇ ತಿಳಿಯಬಹುದು.

ಆದ್ದರಿಂದ ಕುಂಡಕ್ಕೆ ಮಣ್ಣು ಬೇಡ. ಇದ್ದಿಲು, ಇಟ್ಟಿಗೆ ಚೂರು, ತೆಂಗಿನಕಾಯಿ ಸಿಪ್ಪೆಯ ತುಂಡು ಸಾಕು. ಗಾಳಿಯಾಡಲು ಕುಂಡದಲ್ಲಿ ಹೆಚ್ಚು ತೂತುಗಳಿರಲಿ. ಕೊಳವೆಬಾವಿಯ ಗಡಸು ನೀರು ಬೇರಿನ ಮೇಲೆ ಲವಣದ ಪದರ ಕಟ್ಟುತ್ತದೆ, ಮಳೆನೀರು ಶ್ರೇಷ್ಠ. ಚಾವಣಿಯ ಮಳೆನೀರಿನಿಂದಲೇ ಸಂಸಾರ ನಡೆಸಬಹುದೆಂದು ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಯಲ್ಲೇ ತೋರಿಸಿಕೊಟ್ಟಿದ್ದಾರೆ. ನಾಲ್ಕು ಕುಂಡಗಳಿಗೆ ಒಂದು ಡ್ರಮ್ಮಿನಷ್ಟು ಹಿಡಿದಿಡುವುದು ಕಷ್ಟವೇನಲ್ಲ.

ತಂಪಿನ ಕರೆ

ಆಗ್ನೇಯ ಏಷ್ಯಾದಲ್ಲಿ ಪಾರಿವಾಳ ಆರ್ಕಿಡ್ ಎಂಬ ಗಿಡವಿದೆ. ಜೋರು ಮಳೆ ಬಂದು ಉಷ್ಣಾಂಶ ಐದಾರು ಡಿಗ್ರಿ ಥಟ್ಟನೆ ಇಳಿದರೆ, ಸುಮಾರು ಒಂಬತ್ತನೆಯ ದಿನ ಆ ಊರಿನ ಗಿಡಗಳೆಲ್ಲ ಒಟ್ಟಿಗೇ ಅರಳುತ್ತವೆ! ಮಲಗಿದ್ದ ಮೊಗ್ಗನ್ನು ಎಬ್ಬಿಸುವುದು ಆ ತಂಪು.

ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವ, ಚಿಟ್ಟೆಯಂಥ ಹೂವಿನ ಫೆಲನಾಪ್ಸಿಸ್ ಕೂಡ ತಂಪಿಗೆ ಕಾಯುವ ಗಿಡ. ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ಮೀರಿಯೇ ಇದ್ದರೆ ಅದು ಎಲೆಗಳನ್ನಷ್ಟೇ ಬೆಳೆಸುತ್ತದೆ. ಕೆಲವು ವಾರ 25 ಡಿಗ್ರಿಗಿಂತ ಕೆಳಗಿದ್ದರೆ ಎಲೆಯ ಬುಡದಿಂದ ಹೂದಂಟು ಇಣುಕುತ್ತದೆ. ಹೂ ಅರಳಲು ಅಲ್ಲಿಂದ ಸುಮಾರು ಮೂರು ತಿಂಗಳು ಬೇಕು. ತೈವಾನಿನ ಬೆಳೆಗಾರರು ಈ ತಂಪಿಗಾಗಿ ಗಿಡಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸುತ್ತಿದ್ದರು.

ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿಗೆ ಈ ತಂಪು ಪುಕ್ಕಟೆ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಚಳಿ ತಾಗೀತೆಂದು ಗಿಡವನ್ನು ಒಳಗಿಟ್ಟು ಕಿಟಕಿ ಮುಚ್ಚುವವರು, ತಮಗರಿಯದೆಯೇ ಹೂವನ್ನು ತಡೆಯುತ್ತಾರೆ. ನವೆಂಬರಿನಿಂದ ಅದನ್ನು ನೆರಳಿರುವ ಬಾಲ್ಕನಿಯಲ್ಲೇ ಬಿಡಿ. ದಂಟು ಕಂಡ ಮೇಲೆ ಕುಂಡವನ್ನು ತಿರುಗಿಸಬೇಡಿ.

ಬೆಳಕು, ಮಿತ ಆಹಾರ

ಥಾಯ್ಲೆಂಡ್ ಮೂಲದ ಡೆಂಡ್ರೋಬಿಯಂ ಮಿಶ್ರತಳಿಗಳಿಗೆ ಚಳಿಗಿಂತ ಬೆಳಕು ಮುಖ್ಯ. ಎಲೆ ಕಡು ಹಸಿರಾಗಿದ್ದರೆ ಬೆಳಕು ಸಾಲದು. ತಿಳಿ ಹಸಿರಿದ್ದರೆ ಸರಿ. ಸುಟ್ಟ ಕಲೆ ಬಿದ್ದರೆ ಬಿಸಿಲು ಹೆಚ್ಚಾಯಿತು. ಬೆಳಗಿನ ಎಳೆಬಿಸಿಲು ಹಿತ, ಪಶ್ಚಿಮದ ಬಾಲ್ಕನಿಗೆ ನೆರಳುಬಲೆ ಬೇಕು. ಎಲೆ ಉದುರಿದ ಹಳೆಯ ಕಾಂಡವನ್ನು ಕತ್ತರಿಸಬೇಡಿ. ಅದು ಗಿಡದ ಉಗ್ರಾಣ. ಅದೂ ಮತ್ತೆ ಹೂ ಬಿಟ್ಟೀತು.

ಸಾರಜನಕ ಅತಿಯಾದರೆ ಎಲೆ ಹೆಚ್ಚು, ಹೂ ಕಡಿಮೆ. ನೀರಿನಲ್ಲಿ ಕರಗುವ ಗೊಬ್ಬರ ಲೀಟರಿಗೆ ಒಂದು ಗ್ರಾಂ ಮೀರದಿರಲಿ. ಮೊಗ್ಗು ಬಂದ ಕುಂಡವನ್ನು ಬಾಳೆಹಣ್ಣಿನ ಬುಟ್ಟಿಯಿಂದ ದೂರವಿಡಿ. ಹಣ್ಣಾಗುವಾಗ ಹೊಮ್ಮುವ ಎಥಿಲೀನ್ ಅನಿಲಕ್ಕೆ ಮೊಗ್ಗು ಅರಳುವ ಮುನ್ನವೇ ಉದುರುತ್ತದೆ.

ಕಾಡಿನದು ಕಾಡಿಗಿರಲಿ

ಪ್ರವಾಸಕ್ಕೆ ಹೋದವರು ಘಟ್ಟದ ಮರದಿಂದ ಆರ್ಕಿಡ್ ಕಿತ್ತು ತರುವುದುಂಟು. ಧೂಳಿನಂಥ ಅದರ ಬೀಜದಲ್ಲಿ ಆಹಾರದ ದಾಸ್ತಾನಿಲ್ಲ. ಒಂದು ಬಗೆಯ ಶಿಲೀಂಧ್ರ ಒದಗಿಸಿದರಷ್ಟೇ ಕಾಡಿನಲ್ಲಿ ಅದು ಮೊಳೆಯುತ್ತದೆ. ಹೂ ಬಿಡಲು ವರ್ಷಗಳೇ ಬೇಕು. ಹೀಗೆ ಬೆಳೆದ ಗಿಡ ಊರಿನ ಬಾಲ್ಕನಿಯಲ್ಲಿ ಒಂದು ಬೇಸಿಗೆ ಕಳೆಯುವುದೂ ಕಷ್ಟ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆತ ಮಾಧ್ಯಮದಲ್ಲಿ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸಿದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಅಂಗಾಂಶ ಕೃಷಿಯಿಂದ ಗಿಡಗಳನ್ನು ಹೆಚ್ಚಿಸುವ ದಾರಿ ತೋರಿದರು. ನರ್ಸರಿಯ ಗಿಡಗಳು ಆ ಪ್ರಯೋಗಗಳ ಫಲ. ಕಾಡನ್ನು ಬರಿದು ಮಾಡುವ ಅಗತ್ಯವೇ ಇಲ್ಲ.

ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಪ್ರಯೋಗ. ಕುಂಡದ ಪಕ್ಕ ಉಷ್ಣಮಾಪಕ ತೂಗುಹಾಕಿ, ನವೆಂಬರ್ 1ರಿಂದ ದಿನವೂ ಬೆಳಗಿನ ಜಾವದ ಉಷ್ಣಾಂಶವನ್ನು ಬರೆದಿಡಿ. ದಂಟು ಇಣುಕಿದ ದಿನ, ಮೊದಲ ಹೂ ಅರಳಿದ ದಿನ ಎರಡನ್ನೂ ಗುರುತಿಸಿ. ಮುಂದಿನ ವರ್ಷ ಹೂ ಯಾವಾಗ ಬರುತ್ತದೆಂದು ಅಪ್ಪ-ಅಮ್ಮನಿಗೆ ನೀವೇ ಹೇಳಬಹುದು.