ಬೆಳಕಿನ ಕಾಳು, ಆಕಾಶದ ಅಲೆ



ಔಂಢಾ ನಾಗನಾಥಕ್ಕೆ ಹೋಗಿದ್ದೀರಾ? ಉದಗೀರದಿಂದ ನಾಂದೇಡ ದಾಟಿ ಹೋಗಬೇಕು. ಹಿಂಗೋಲಿ ಜಿಲ್ಲೆ. ಆ ಊರಿನ ಹತ್ತಿರ ಒಂದು ದೊಡ್ಡ ಯಂತ್ರ ಬರಲಿದೆ. ಅದರ ಹೆಸರು ಲೈಗೋ-ಇಂಡಿಯಾ. 2023ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರಕಾರ ಇದಕ್ಕೆ 2,600 ಕೋಟಿ ರೂಪಾಯಿ ಮಂಜೂರು ಮಾಡಿತು.

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಸುದ್ದಿ ಓದಿದೆವು. ಒಬ್ಬ ಆಯಿ ಕೇಳಿದರು: "ಅದು ನೆಲಾ ನಡಗಸ್ತದೇನ್ರಿ?"

ಕೇಳೋದು ಸಹಜ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆಯಿತು. ಔಸಾ, ಉಮರ್ಗಾ ಕಡೆಯ ಹಳ್ಳಿಗಳು ನೆಲಸಮ ಆದವು. ಸುಮಾರು 10 ಸಾವಿರ ಜನ ಸತ್ತರು.

ಇಲ್ಲ ಆಯಿ, ಈ ಯಂತ್ರ ನೆಲ ನಡುಗಿಸೋದಿಲ್ಲ. ನೆಲ ನಡುಗಿದರೆ ಅದಕ್ಕೇ ತ್ರಾಸ. ಅದರೊಳಗೆ ಇರೋದು ಬೆಳಕು ಮತ್ತು ಕನ್ನಡಿ. 4 ಕಿಲೋಮೀಟರ್ ಉದ್ದದ ಎರಡು ಕೊಳವೆ. ಮನೆಯ ಎರಡು ಗೋಡೆ ಮೂಲೆಯಲ್ಲಿ ಕೂಡಿದ ಹಾಗೆ ಕೂಡುತ್ತವೆ. ಒಳಗೆ ಗಾಳಿ ಇರೋದಿಲ್ಲ. ಲೇಸರ್ ಬೆಳಕನ್ನು ಎರಡು ಪಾಲು ಮಾಡಿ ಎರಡೂ ಕೊಳವೆಗೆ ಬಿಡುತ್ತಾರೆ. ಕೊನೆಯಲ್ಲಿ 40 ಕಿಲೋ ತೂಕದ ಕನ್ನಡಿ. ಅದನ್ನು ತೆಳುವಾದ ಗಾಜಿನ ಎಳೆಗಳಿಗೆ ತೂಗು ಹಾಕಿರುತ್ತಾರೆ! ಬೆಳಕು ಕನ್ನಡಿಗೆ ಬಡಿದು ತಿರುಗಿ ಬರುತ್ತದೆ. ಎರಡು ಪಾಲು ಮೊದಲಿನ ಹಾಗೆ ಹೊಂದದಿದ್ದರೆ, ಒಂದು ದಾರಿ ಚೂರು ಹಿಗ್ಗಿದೆ ಎಂದು ತಿಳಿಯುತ್ತದೆ.

ದಾರಿ ಯಾಕೆ ಹಿಗ್ಗುತ್ತದೆ? ಸತ್ತುಹೋದ ಭಾರಿ ನಕ್ಷತ್ರಗಳು ಬಹಳ ದೂರದ ಆಕಾಶದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆಗ ಬಾವಿಗೆ ಕಲ್ಲು ಬಿದ್ದ ಹಾಗೆ ಅಲೆ ಏಳುತ್ತದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಎರಡು ಲೈಗೋ ಯಂತ್ರಗಳು ಇಂಥ ಅಲೆಯನ್ನು ಮೊದಲ ಸಲ ಹಿಡಿದವು. ದಾರಿ ಹಿಗ್ಗಿದ್ದು ಒಂದು ಪರಮಾಣುವಿನ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಇಲ್ಲೊಂದು ತೊಡಕು ಅದ. ಬೆಳಕು ನೀರಿನ ಧಾರೆಯ ಹಾಗೆ ಕಂಡರೂ ಕಾಳು ಕಾಳಾಗಿ ಬರುತ್ತದೆ. ಈ ಕಾಳಿಗೆ ಫೋಟಾನ್ ಅನ್ನುತ್ತಾರೆ. ಅವು ಒಂದೇ ಸಮ ಬರೋದಿಲ್ಲ. ಪತ್ರಾದ ಮ್ಯಾಲೆ ಮಳೆ ಹನಿ ಬಡಿದ ಹಾಗೆ. ಆ ಗದ್ದಲದಾಗ ಹೊರಗೆ ಕರೆದದ್ದು ಕೇಳಸ್ತದೇನು? ಅದಕ್ಕೆ ವಿಜ್ಞಾನಿಗಳು ಕಾಳುಗಳು ಹೆಚ್ಚು ಸಮನಾಗಿ ಬರುವ ಬೆಳಕನ್ನು ತಯಾರಿಸಿದರು. 2019ರಿಂದ ಅಮೆರಿಕದ ಯಂತ್ರಗಳಲ್ಲಿ ಅದನ್ನು ಬಳಸುತ್ತಿದ್ದಾರೆ. ಈ ವಿದ್ಯೆಗೆ ಕ್ವಾಂಟಮ್ ಎಂಬ ದೊಡ್ಡ ಹೆಸರು. ಹೆಸರಿಗೆ ಅಂಜಬೇಡಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2021ರಲ್ಲಿ ಬೆಳಕಿನ ಕಾಳುಗಳಿಂದ ಎರಡು ಕಟ್ಟಡಗಳ ನಡುವೆ ಗುಪ್ತ ಮಾತಿನ ಕೀಲಿ ಕಳಿಸಿದರು. ನಡುವೆ ಯಾರಾದರೂ ಕದ್ದು ನೋಡಿದರೆ ಗೊತ್ತಾಗಿಬಿಡುತ್ತದೆ.

ಆಯಿ ಮತ್ತೆ ಕೇಳಿದರು: "ಹಂಗಾದ್ರ ಭೂಕಂಪ ಮೊದಲೇ ಹೇಳ್ತದೇನು?"

ಅದೂ ಇಲ್ಲ. ಭೂಕಂಪ ಇಂಥ ದಿನ ಬರುತ್ತದೆ ಎಂದು ಹೇಳುವ ಯಂತ್ರ ಜಗತ್ತಿನಲ್ಲಿ ಎಲ್ಲೂ ಇಲ್ಲ. ಯಾರಾದರೂ ಮೊಬೈಲಿನಲ್ಲಿ ಹಾಗೆ ಕಳಿಸಿದರೆ ನಂಬಬೇಡಿ. ಕಿಲ್ಲಾರಿ ಕಡೆ ಹೆಚ್ಚು ಜನ ಸತ್ತದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ ಬಿದ್ದು. ಮನೆ ಕಟ್ಟಿಸುವಾಗ ಗೋಡೆಯ ಸುತ್ತ ಕಬ್ಬಿಣ, ಸಿಮೆಂಟಿನ ಪಟ್ಟಿ ಹಾಕಲು ಗೌಂಡಿಗೆ ಹೇಳಿ.